ಸೂರಿನ ಅಂಚಿಗೆ ಮತ್ತೆ ಮರ ಹಾಕಿಸಬೇಡಿ

ನಿನ್ನೆ ಇಲ್ಲಿ ಗೋವೆಯ ಪೋಂಡಾದಲ್ಲಿ, ಪಕ್ಕದ ಮನೆಯ ಹಂಚು ಸರಿಮಾಡಲು ಬಂದ ಬಾದಾಮಿ ಕಡೆಯ ಹುಡುಗ ಸೂರಿನ ಅಂಚಿನ ಹಲಗೆಗೆ ಏಣಿ ಒರಗಿಸಿದ. ಎರಡು ಮೆಟ್ಟಿಲು ಹತ್ತಿದ್ದನಷ್ಟೇ, ಹಲಗೆ ಒಳಕ್ಕೆ ಕುಸಿಯಿತು. ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ. ಹೋಗಿ ಮುಟ್ಟಿ ನೋಡಿದೆ. ಹೊರಗೆ ಹೊಳೆಯುವ ಕಂದು ಬಣ್ಣ, ಒಳಗೆ ಬರೀ ಗೆದ್ದಲು ತಿಂದ ಹುಡಿ. ಹಾಕಿಸಿ ಮೂರೇ ಮಳೆಗಾಲ! ಇಷ್ಟಾದ ಮೇಲೂ ಮನೆಯವರು ಆಚಾರಿಗೆ ಹೇಳಿದ್ದೇನು? "ಮತ್ತೆ ಮರದ್ದೇ ಹಾಕಪ್ಪಾ, ಅದೇ ಮನೆಗೆ ಲಕ್ಷಣ." ತಡೆಯಲಾಗದೆ ಅಲ್ಲೇ ಜಗಳ ಆಡಿದೆ. ಸಿಟ್ಟು ಇನ್ನೂ ಇಳಿದಿಲ್ಲ.

ಗೋವೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ. ಹಂಚಿನ ಮೇಲೆ ಬಿದ್ದದ್ದೆಲ್ಲ ಇಳಿಯುವುದು ಆ ಹಲಗೆಯ ಮುಂದೆ. ಕೊಯ್ದ ತುದಿ, ಮೊಳೆಯ ತೂತು, ಇವುಗಳಿಂದ ಮರ ನೀರು ಕುಡಿಯುತ್ತದೆ. ತೇವ ಶೇ. 20 ದಾಟಿ ಹಾಗೇ ನಿಂತರೆ ಕೊಳೆಯುವ ಭಯ ಶುರು. ದಪ್ಪಗೆ ಬಳಿದ ಬಣ್ಣ ಅದನ್ನು ಆರಲಿಕ್ಕೂ ಬಿಡುವುದಿಲ್ಲ.

ಅಪ್ಪನ ಕಾಲದಲ್ಲಿ ಬಾಳುತ್ತಿತ್ತಲ್ಲ ಅನ್ನುತ್ತೀರಿ. ಕುಮಟೆಯ ನಮ್ಮ ಮನೆಯಲ್ಲೂ ಬಾಳಿದೆ. ಅದು ಹಳೇ ಮರದ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಮೇಲಾಗಿ ಅಪ್ಪ ಪ್ರತಿ ಬೇಸಿಗೆಯಲ್ಲಿ ತಾನೇ ಏಣಿ ಹತ್ತಿ ಗೇರೆಣ್ಣೆ ಬಳಿಯುತ್ತಿದ್ದ. ಈಗ ಸಾಗುವಾನಿ ಅಂತ ಸಿಗುವ ಎಳೆ ಮರದಲ್ಲಿ ಬಿಳಿ ಭಾಗವೇ ಜಾಸ್ತಿ. ಗೆದ್ದಲಿಗೆ ಅದೇ ಮೊದಲ ತುತ್ತು. ನಿಮ್ಮಲ್ಲಿ ಯಾರು ವರ್ಷ ವರ್ಷ ಏಣಿ ಹತ್ತುತ್ತೀರಿ ಹೇಳಿ.

ನಾನೂ ಇದೇ ಹಟ ಮಾಡಿದವನು. ಮನೆ ಕಟ್ಟಿಸುವಾಗ ಹೆಂಡತಿ ಪಿವಿಸಿ ಪ್ಲಾಸ್ಟಿಕ್ಕಿನ ಹಲಗೆ ಹಾಕಿಸೋಣ ಅಂದಳು. ಅಪ್ಪ ನೋಡಿದರೆ ಏನಂದಾನು ಅಂತ ಅವಳ ಬಾಯಿ ಮುಚ್ಚಿಸಿದೆ. ಎರಡು ಸಲ ಕೊಳೆಯಿತು, ಎರಡು ಸಲವೂ ಮರವನ್ನೇ ಹಾಕಿಸಿದೆ. ಎರಡನೇ ಸಲದ ದುಡ್ಡು ಅವಳು ಮಗಳ ಕಾಲೇಜಿಗೆಂದು ಎತ್ತಿಟ್ಟದ್ದು. ಅವಳು ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಅದೂ ಹೋದ ಮೇಲೆ ಪಿವಿಸಿ ಹಾಕಿಸಿ ಆರು ಮಳೆಗಾಲವಾಯಿತು. ವರ್ಷಕ್ಕೊಮ್ಮೆ ಸೋಪಿನ ನೀರಲ್ಲಿ ಪಾಚಿ ತೊಳೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಹಾಕಿಸುವವರು ಹಲಗೆಗಳ ನಡುವೆ ಸಂದು ಬಿಡಿಸಿ. ಬಿಸಿಲಿಗೆ ಪಿವಿಸಿ ಹಿಗ್ಗುತ್ತದೆ. 10 ಅಡಿ ಹಲಗೆ, 30 ಡಿಗ್ರಿ ವ್ಯತ್ಯಾಸ ಅಂದರೆ 5 ಮಿಲಿಮೀಟರ್ ಹತ್ತಿರ. ಬಿಗಿಯಾಗಿ ಕೂರಿಸಿದರೆ ಬಾಗುತ್ತದೆ. ಕಡುಬಣ್ಣವೂ ಬೇಡ, ಇನ್ನಷ್ಟು ಕಾಯುತ್ತದೆ. ಪಕಾಸು, ರೀಪುಗಳ ಹಾಗೆ ಭಾರ ಹೊರುವ ಜಾಗಕ್ಕೆ ಇದು ಆಗದು.

ಪ್ಲಾಸ್ಟಿಕ್ ಕೇಡಲ್ಲವೇ? ಹೌದು, ಸುಟ್ಟರೆ ವಿಷದ ಹೊಗೆ, ಒಂದು ಚೂರನ್ನೂ ಸುಡಬೇಡಿ. ಆದರೆ ಮೂರು ವರ್ಷಕ್ಕೊಮ್ಮೆ ಹೊಸ ಮರ, ಅದಕ್ಕೆ ಮತ್ತೆ ಗೆದ್ದಲಿನ ಔಷಧಿ, ಇದನ್ನು ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ?

ನಮ್ಮ ಬಾಗಿಲು, ತೂಗುಮಂಚ, ದೇವರ ಮಂಟಪ ಎಲ್ಲ ಮರದ್ದೇ. ಮಳೆ ಬಡಿಯುವ ಅಂಚಿಗೆ ಮಾತ್ರ ಬೇಡ ಅನ್ನುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಬಂದು ನಮ್ಮ ಹಲಗೆಗೆ ಉಗುರು ಒತ್ತಿ ನೋಡಿ ಹೋದರು. ಆಚಾರಿ ನಾಳೆ ಬರುತ್ತಾನೆ.