ಕಾಲಿಗೆ ಪಟ್ಟಿ ಸುತ್ತುವ ಮುಂಚೆ ಪಾದದ ನಾಡಿ ಮುಟ್ಟಿ ನೋಡಿ ಮಾರಾಯ್ರೆ

ಇವತ್ತು ತೀರ್ಥಹಳ್ಳಿಯ ಒಂದು ಮೆಡಿಕಲ್ ಶಾಪಿನ ಎದುರು ಕಂಡದ್ದು. ಎಪ್ಪತ್ತು ದಾಟಿದ ಹಿರಿಯರು. ಹೆಬ್ಬೆರಳಿನ ತುದಿ ಕಪ್ಪಗಾಗಿದೆ, ಪಾದದ ಚರ್ಮ ತೆಳ್ಳಗಾಗಿ ಹೊಳೀತಿದೆ, ಮೊಣಕಾಲಿನ ಕೆಳಗೆ ಒಂದು ರೋಮ ಇಲ್ಲ. ಜೊತೆಗೆ ಬಂದ ಹುಡುಗ ಕ್ರೇಪ್ ಬ್ಯಾಂಡೇಜನ್ನು ಎಳೆದೆಳೆದು ಬಿಗಿಯಾಗಿ ಸುತ್ತುತ್ತಿದ್ದಾನೆ. ಸುತ್ತ ನಿಂತವರದ್ದು ಒಂದೇ ಮಾತು: "ಇನ್ನೂ ಬಿಗಿ ಕಟ್ಟೋ, ರಾತ್ರಿ ಎರಡು ದಿಂಬು ಕೊಟ್ಟು ಕಾಲು ಮೇಲಿಡಿ, ಬಾವು ಇಳೀತದೆ." ಪಟ್ಟಿ ಬಿಚ್ಚಿಸಿ ಶಿವಮೊಗ್ಗಕ್ಕೆ ಕಳಿಸಿದ್ದಾಯಿತು. ಆದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಆ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಇದೆಯಾ ಅಂತ ನೋಡಲಿಲ್ಲ.

ಕಾಲಿನ ರಕ್ತನಾಳದ ತೊಂದರೆ ಅಂದರೆ ಒಂದೇ ಕಾಯಿಲೆ ಅಂದುಕೊಂಡಿದ್ದೇವೆ. ಅಲ್ಲ. ಹೃದಯದಿಂದ ಪಾದಕ್ಕೆ ರಕ್ತ ಇಳಿಸುವುದು ಅಪಧಮನಿ, ಪಾದದಿಂದ ಮೇಲಕ್ಕೆ ಏರಿಸುವುದು ಅಭಿಧಮನಿ, ಅಂದರೆ ಸಿರೆ. ಒಂದು ಕೆಟ್ಟಾಗ ಮಾಡಬೇಕಾದ ಉಪಚಾರವನ್ನು ಇನ್ನೊಂದು ಕೆಟ್ಟಾಗ ಮಾಡಿದರೆ ಕಾಲೇ ಹೋಗ್ತದೆ.

ಏರುವ ನಾಳದ ಲೆಕ್ಕ ನೋಡಿ. ಅಲ್ಲಾಡದೆ ನಿಂತಾಗ ಹರಡಿನ (ಪಾದದ ಮೇಲಿನ ಗಂಟಿನ) ಹತ್ತಿರ ಅಭಿಧಮನಿಯೊಳಗಿನ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 90 ಮಿ.ಮೀ. ಇರ್ತದೆ. ನಡೆಯಲು ಶುರು ಮಾಡಿದರೆ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ನಾಳದೊಳಗಿನ ಕವಾಟಗಳು ಅದು ಕೆಳಗೆ ಬೀಳದ ಹಾಗೆ ಹಿಡಿಯುತ್ತವೆ, ಒತ್ತಡ 30ರ ಆಸುಪಾಸಿಗೆ ಇಳೀತದೆ. ಕವಾಟ ಸಡಿಲವಾದವರಿಗೆ ನಡೆದರೂ ಒತ್ತಡ ಅಷ್ಟು ಇಳಿಯುವುದಿಲ್ಲ. ಆಗಲೇ ನಾಳಗಳು ಗಂಟುಗಂಟಾಗಿ ಉಬ್ಬುವುದು, ಸಂಜೆಗೆ ಬಾವು ಬರುವುದು. ಹರಡಿನ ಒಳಬದಿಯ ಚರ್ಮ ಕಂದು ತಿರುಗಿ ತುರಿಸ್ತದೆ, ಕೊನೆಗೆ ಅಲ್ಲೇ ನೀರು ಸುರಿಯುವ ಅಗಲವಾದ ಹುಣ್ಣಾಗ್ತದೆ. ಇದಕ್ಕೆ ಪಟ್ಟಿ ಬೇಕು, ಕಾಲು ಎತ್ತಿಡಬೇಕು. ಈ ಸಲಹೆ ಇಲ್ಲಿಗೆ ನೂರಕ್ಕೆ ನೂರು ಸರಿ.

ಇಳಿಯುವ ನಾಳ ಕಟ್ಟಿಕೊಂಡವರ ಕಥೆ ಬೇರೆ. ಹುಣ್ಣು ಬೆರಳ ತುದಿಯಲ್ಲೋ ಹಿಮ್ಮಡಿಯಲ್ಲೋ ಆಗ್ತದೆ. ಒಣಗಿರ್ತದೆ, ಅಂಚು ಕತ್ತರಿಸಿದ ಹಾಗಿರ್ತದೆ. ನೋವು ರಾತ್ರಿ ಮಲಗಿದಾಗ ಜಾಸ್ತಿ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಗುರ, ಯಾಕೆಂದರೆ ಆಗ ಗುರುತ್ವದ ಬಲದಿಂದ ಒಂದಿಷ್ಟು ರಕ್ತ ಪಾದ ತಲುಪ್ತದೆ. ರಾತ್ರಿಯಿಡೀ ಹೀಗೆ ಇಳಿಬಿಟ್ಟು ಕೂತೇ ಪಾದ ಬಾತುಕೊಳ್ಳುವುದು. ಆ ಬಾವನ್ನು ನೋಡಿ ನಾವು ಪಟ್ಟಿ ತರ್ತೇವೆ! ಸಿರೆಯ ಹುಣ್ಣಿಗೆ ಸರಿಯಾಗಿ ಸುತ್ತಿದ ಪಟ್ಟಿ ಹರಡಿನ ಬಳಿ ಸುಮಾರು 40 ಮಿ.ಮೀ. ಒತ್ತಡ ಕೊಡ್ತದೆ. ಕಾಲ್ಬೆರಳಿನಲ್ಲಿ ರಕ್ತದ ಒತ್ತಡವೇ 30ಕ್ಕೆ ಇಳಿದಿರುವ ಕಾಲಿಗೆ ಅದನ್ನು ಕಟ್ಟಿದರೆ ಉಳಿದ ರಕ್ತವನ್ನೂ ನಿಲ್ಲಿಸಿದ ಹಾಗೆ. ಮೇಲೆ ಎರಡು ದಿಂಬು ಬೇರೆ.

ಇನ್ನೊಂದು ಮೋಸ ಬಣ್ಣದ್ದು. ಇಂಥವರ ಕಾಲು ಇಳಿಬಿಟ್ಟಾಗ ಕೆಂಪಾಗಿ ಕಾಣ್ತದೆ. "ಕೆಂಪಗಿದೆ, ರಕ್ತ ಚೆನ್ನಾಗಿ ಓಡ್ತಿದೆ" ಅಂತಾರೆ. ಅದು ರಕ್ತಕ್ಕೆ ಹಸಿದ ಪಾದದ ಕೆಂಪು. ಮಲಗಿಸಿ ಕಾಲನ್ನು 45 ಡಿಗ್ರಿ ಎತ್ತಿ ಒಂದೆರಡು ನಿಮಿಷ ಹಿಡಿಯಿರಿ. ಅಂಗಾಲು ಸುಣ್ಣದ ಹಾಗೆ ಬೆಳ್ಳಗಾದರೆ, ಮತ್ತೆ ಇಳಿಬಿಟ್ಟಾಗ ನಿಧಾನಕ್ಕೆ ಗಾಢ ಕೆಂಪಾದರೆ, ಇಳಿಯುವ ನಾಳದಲ್ಲಿ ತಡೆ ಇದೆ ಅಂತಲೇ ಅನುಮಾನ ಪಡಬೇಕು.

ನಾಳ ಸ್ವಲ್ಪ ಕಿರಿದಾದರೆ ಏನು ಮಹಾ ಅನ್ನುವವರಿಗೆ: ಗುಡ್ಡದ ಅಬ್ಬಿ ನೀರನ್ನು ಮನೆಗೆ ತರುವ ನಮಗೆ ಒಂದಿಂಚಿನ ಪೈಪು ತೆಗೆದು ಅರ್ಧ ಇಂಚಿನದ್ದು ಹಾಕಿದರೆ ನೀರು ಅರ್ಧಕ್ಕಿಂತ ಎಷ್ಟೋ ಕಡಿಮೆ ಬೀಳ್ತದೆ ಅಂತ ಗೊತ್ತು. ನಾಳದಲ್ಲಿ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗ್ತದೆ. ತ್ರಿಜ್ಯ ಅರ್ಧವಾದರೆ, ಒತ್ತಡ ಅಷ್ಟೇ ಇದ್ದರೂ, ಹರಿವು ಹದಿನಾರನೇ ಒಂದು ಪಾಲು. ಆದರೆ ನಾಳ ಜೀವ ಇರುವಂಥದ್ದು. ಒಳಮೈಯಲ್ಲಿ ಒಂದೇ ಕೋಶದಷ್ಟು ದಪ್ಪದ ಪದರ ಇದೆ, ಅದು ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಹಿಗ್ಗಿಸ್ತದೆ. ಇದನ್ನು ಕಂಡುಕೊಂಡ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಶುಗರ್, ಬಿ.ಪಿ., ಕೊಲೆಸ್ಟರಾಲ್, ತಂಬಾಕು ನಾಲ್ಕೂ ಮೊದಲು ಕೆಡಿಸುವುದು ಈ ಪದರವನ್ನೇ.

ಈಗ ನಾಡಿ. ಹಬ್ಬ ಬಂದರೆ ಹಿರಿಯರ ಕಾಲಿಗೆ ಬೀಳ್ತೇವೆ. ಅದೇ ಪಾದದ ಮೇಲೆ ಒಂದು ನಿಮಿಷ ಬೆರಳಿಡಿ. ಮಳೆಗಾಲವಾದರೆ ಪಾದ ಒರೆಸಿ ಹತ್ತು ನಿಮಿಷ ಕಂಬಳಿ ಹೊದೆಸಿ. ಥಂಡಿಗೆ ನಾಳ ಕುಗ್ಗಿದ್ದರೆ ಬಡಿತ ಸಿಗುವುದಿಲ್ಲ. ಮಲಗಿಸಿ. ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿದರೆ ಪಾದದ ಮೇಲೆ ಒಂದು ನರ ಎದ್ದ ಹಾಗೆ ಸ್ನಾಯುರಜ್ಜು ಕಾಣ್ತದೆ. ಅದರ ಪಕ್ಕದಲ್ಲೇ, ಎರಡನೇ ಬೆರಳಿನ ಕಡೆಗೆ, ಪಾದದ ನಡುಮಧ್ಯೆ ತೋರು, ನಡು, ಉಂಗುರ ಬೆರಳುಗಳನ್ನು ಹಗುರವಾಗಿ ಇಡಿ. ನಿಮ್ಮ ಹೆಬ್ಬೆರಳು ಬೇಡ, ಅದರ ಬಡಿತವೇ ನಿಮಗೆ ತಿಳಿದೀತು. ಗಟ್ಟಿ ಒತ್ತಿದರೆ ನಾಳವೇ ಮುಚ್ಚಿಹೋಗ್ತದೆ. ಇಪ್ಪತ್ತು ಸೆಕೆಂಡಾದರೂ ಕಾಯಿರಿ. ಎರಡನೇ ಜಾಗ ಒಳಹರಡಿನ ಮೂಳೆಯ ಹಿಂದೆ, ಮೂಳೆಗೂ ಹಿಮ್ಮಡಿಗೂ ನಡುವೆ. ಸಿಕ್ಕಿದ್ದು ಅವರದೇ ಬಡಿತವೋ ನಿಮ್ಮದೋ ಅಂತ ಅನುಮಾನ ಬಂದರೆ ಇನ್ನೊಂದು ಕೈಯಲ್ಲಿ ಅವರ ಮಣಿಕಟ್ಟಿನ ನಾಡಿ ಹಿಡಿದು ತಾಳೆ ನೋಡಿ. ಪಾದದ ಮೇಲಿನ ನಾಡಿ ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ, ಅದೊಂದೇ ಸಿಗಲಿಲ್ಲ ಅಂತ ಗಾಬರಿ ಬೇಡ. ಎರಡೂ ಸಿಗದಿದ್ದರೆ, ಅಥವಾ ಒಂದು ಕಾಲಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದಿದ್ದರೆ, ಪಟ್ಟಿ ಕಟ್ಟಬೇಡಿ.

"ಇದೆಲ್ಲ ಡಾಕ್ಟ್ರ ಕೆಲಸ, ಜನ ಸುಮ್ಮನೆ ಹೆದರ್ತಾರೆ" ಅಂತ ಹೇಳುವವರಿದ್ದಾರೆ. ಡಾಕ್ಟ್ರ ಕೆಲಸ ಹೌದು. ಆದರೆ ಪಟ್ಟಿ ತಂದು ಸುತ್ತುವಾಗ, ಎಣ್ಣೆ ತಿಕ್ಕುವಾಗ, ಬಿಸಿನೀರಲ್ಲಿ ಅದ್ದುವಾಗ ಯಾರೂ ಡಾಕ್ಟ್ರನ್ನು ಕೇಳುವುದಿಲ್ಲವಲ್ಲ! ಕಾಲು ಕತ್ತರಿಸುವುದಕ್ಕಿಂತ ಹೆದರಿಕೆ ಒಳ್ಳೆಯದು. ಕ್ಲಿನಿಕ್ಕಿಗೆ ಹೋದಾಗಲೂ ಸುಮ್ಮನೆ ಕೂರಬೇಡಿ, ಚಪ್ಪಲಿ ಕಳಚಿ ಎರಡೂ ಪಾದ ತೋರಿಸಿ, "ನಾಡಿ ನೋಡಿ ಸಾರ್" ಅಂತ ಬಾಯಿಬಿಟ್ಟು ಕೇಳಿ.

ಅನುಮಾನ ಇದ್ದರೆ ಪರೀಕ್ಷೆ ಸರಳ. ಕೈಯಲ್ಲಿ ಹಿಡಿಯುವ ಡಾಪ್ಲರ್ (ರಕ್ತ ಹರಿಯುವ ಸದ್ದು ಕೇಳಿಸುವ ಸಾಧನ) ಮತ್ತು ಬಿ.ಪಿ. ಪಟ್ಟಿಯಿಂದ ಹರಡಿನ ಮೇಲಿನ ಒತ್ತಡ ಅಳೆದು ತೋಳಿನದರಿಂದ ಭಾಗಿಸ್ತಾರೆ. ತೋಳಲ್ಲಿ 140, ಹರಡಿನಲ್ಲಿ 84 ಬಂದರೆ 0.6. 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಳದಲ್ಲಿ ತಡೆ ಇದೆ ಅಂತ ಅರ್ಥ. ಪೂರ್ತಿ ಬಿಗಿಯ ಪಟ್ಟಿಗೆ 0.8ಕ್ಕಿಂತ ಮೇಲಿರಬೇಕು, 0.5ಕ್ಕಿಂತ ಕೆಳಗಿದ್ದರೆ ಪಟ್ಟಿಯ ಮಾತೇ ಇಲ್ಲ. ಶುಗರ್ ಹಳೆಯದಾದವರಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿರ್ತದೆ, ಬಿ.ಪಿ. ಪಟ್ಟಿ ಎಷ್ಟು ಊದಿದರೂ ಒತ್ತಲಾಗುವುದಿಲ್ಲ, ಲೆಕ್ಕ 1.4 ದಾಟಿ ಬರ್ತದೆ. ಅದನ್ನು ನೋಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ. ಅಂಥವರಿಗೆ ಕಾಲ್ಬೆರಳಿನ ಒತ್ತಡ ಅಳೆಯಬೇಕು.

ಬೆರಳು ಕಪ್ಪಾಗುವ ಎಷ್ಟೋ ಮುಂಚೆ ಕಾಲು ಹೇಳಿರ್ತದೆ. ತೋಟದಿಂದ ಮನೆಗೆ ಏರು ಹತ್ತುವಾಗ ಪ್ರತಿ ಸಲ ಅದೇ ತಿರುವಿನಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತ ಎರಡು ಮೂರು ನಿಮಿಷಕ್ಕೆ ಬಿಡ್ತದೆ, ಸಮನೆಲದಲ್ಲಿ ಇನ್ನೂ ದೂರ ನಡೆಯಬಹುದು. ಇದನ್ನು ವಾಯು ಅಂತಾರೆ, ವಯಸ್ಸು ಅಂತಾರೆ. ಬೆನ್ನುಹುರಿ ಒತ್ತಿಕೊಂಡ ನೋವಾದರೆ ಸುಮ್ಮನೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಬಗ್ಗಬೇಕು. ರಕ್ತ ಸಾಲದ ನೋವು ನಿಂತರೆ ಸಾಕು, ಹೋಗ್ತದೆ. ಈ ಹಂತದಲ್ಲಿ ನಡಿಗೆಯೇ ಔಷಧಿ: ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆದು, ವಾರಕ್ಕೆ ಮೂರು ದಿನವಾದರೂ 30ರಿಂದ 45 ನಿಮಿಷ, ಕನಿಷ್ಠ 12 ವಾರ. ಗಾಯ ಇದ್ದವರಿಗೆ, ಕೂತಲ್ಲೇ ನೋವಿರುವವರಿಗೆ ಇದಲ್ಲ. ಕಾಲಿನ ನಾಳ ಕಟ್ಟಿದ್ದರೆ ಹೃದಯದ್ದು, ಮಿದುಳಿನದ್ದೂ ಕಟ್ಟುತ್ತಿರುವ ಸಾಧ್ಯತೆ ಹೆಚ್ಚು. ಡಾಕ್ಟರ್ ಕೊಟ್ಟ ಮಾತ್ರೆಯನ್ನು ಕಾಲುನೋವು ಹೋಯಿತು ಅಂತ ನಿಲ್ಲಿಸಬೇಡಿ.

ಬೀಡಿಯ ಬಗ್ಗೆ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ನಲವತ್ತು ತುಂಬದ ಗಂಡಸರ ಕಾಲ್ಬೆರಳು, ಕೈಬೆರಳು ಕೊಳೆಸುವ ಬರ್ಗರ್ ಕಾಯಿಲೆ ಇದೆ. ಅದನ್ನು ತಡೆಯುವ ದಾರಿ ತಂಬಾಕನ್ನು ಪೂರ್ತಿ ಬಿಡುವುದು. ದಿನಕ್ಕೆ ಎರಡೇ ಅಂದರೂ ಆಗುವುದಿಲ್ಲ. ಬೀಡಿ ಬಿಟ್ಟು ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿಕೊಂಡೆ ಅಂದರೆ ಬಿಟ್ಟ ಹಾಗಲ್ಲ, ನಿಕೋಟಿನ್ ಅಲ್ಲೂ ಇದೆ.

ನಾಡಿ ಚೆನ್ನಾಗಿದ್ದು ಸಿರೆ ಉಬ್ಬಿದವರು ಡಾಕ್ಟರ್ ಹೇಳಿದ ಅಳತೆಯ ಕಾಲುಚೀಲವನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ಹಾಕಿಕೊಳ್ಳಿ, ಬಾವು ಬಂದ ಮೇಲೆ ಅಲ್ಲ. ಪಟ್ಟಿಯಾದರೆ ಬೆರಳ ಬುಡದಿಂದ ಶುರುಮಾಡಿ, ಪಾದವನ್ನು ಕಾಲಿಗೆ ಲಂಬಕೋನದಲ್ಲಿ ಹಿಡಿದು, ಹಿಮ್ಮಡಿ ಬಿಡದೆ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಮೊಣಕಾಲಿನ ಕೆಳಗಿನವರೆಗೆ. ಎಳೆತ ಎಲ್ಲ ಕಡೆ ಒಂದೇ ಇರಲಿ. ಮೇಲಿನ ಅಂಚು ಸುರುಳಿಯಾಗಿ ಹಗ್ಗದಂತೆ ಬಿಗಿದರೆ ಕೆಳಗೆ ಬಾವು ಹೆಚ್ಚಾಗ್ತದೆ. ಸುಗ್ಗಿಯಲ್ಲಿ ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ಎದ್ದು ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಉಬ್ಬಿದ ಸಿರೆ ಒಡೆದು ರಕ್ತ ಚಿಮ್ಮಿದರೆ ಕೂಡಲೇ ಮಲಗಿಸಿ, ಕಾಲೆತ್ತಿ, ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ. ಮೇಲೆ ಹಗ್ಗ ಬಿಗಿಯಬೇಡಿ.

ಶುಗರ್ ಇದ್ದವರು ಮಳೆಗಾಲದಲ್ಲಿ ಬಚ್ಚಲೊಲೆ ಮುಂದೆ ಕಾಲು ಕಾಯಿಸಬೇಡಿ. ಸ್ಪರ್ಶ ಸತ್ತ ಪಾದಕ್ಕೆ ಸುಟ್ಟದ್ದು ಗೊತ್ತಾಗುವುದಿಲ್ಲ, ರಕ್ತ ಸಾಲದ ಪಾದದಲ್ಲಿ ಆ ಸುಟ್ಟಗಾಯ ಮಾಯುವುದಿಲ್ಲ. ಉಂಬಳ ಕಚ್ಚಿದ ಜಾಗ ತುರಿಸಿ ತುರಿಸಿ ಹುಣ್ಣು ಮಾಡಿಕೊಳ್ಳುವುದೂ ಹೀಗೆಯೇ. ಗಂಬೂಟು ಹಾಕುವ ಮುಂಚೆ ಕೈ ಹಾಕಿ ಒಳಗೆ ಕಲ್ಲು, ಮುಳ್ಳು ನೋಡಿ. ಸಂಜೆ ಬೆರಳ ಸಂದು ಒರೆಸಿ.

ಇನ್ನೊಂದು, ಇದು ಗಂಟೆಗಳ ಲೆಕ್ಕ. ಇದ್ದಕ್ಕಿದ್ದ ಹಾಗೆ ಒಂದು ಕಾಲು ತಣ್ಣಗಾಗಿ, ಬಿಳಿಚಿ, ವಿಪರೀತ ನೋವು ಬಂದು, ಆಮೇಲೆ ಜೋಮು ಹಿಡಿದು ಬೆರಳು ಆಡಿಸಲು ಆಗದಿದ್ದರೆ ಹೆಪ್ಪು ಬಂದು ನಾಳ ಮುಚ್ಚಿದೆ. ಸುಮಾರು ಆರು ಗಂಟೆಯೊಳಗೆ ರಕ್ತ ಮತ್ತೆ ಹರಿಯಬೇಕು. ಹೊಸನಗರದ ಒಳಹಳ್ಳಿಯಿಂದಲೋ ಆಗುಂಬೆ ಕಡೆಯಿಂದಲೋ ಹೊರಡುವವರಿಗೆ ದಾರಿಯಲ್ಲೇ ಎರಡು ಗಂಟೆ ಹೋಗಬಹುದು. ಎಣ್ಣೆ ತಿಕ್ಕಬೇಡಿ, ಶಾಖ ಕೊಡಬೇಡಿ, ಪಟ್ಟಿ ಕಟ್ಟಬೇಡಿ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, "ಕಾಲಿಗೆ ರಕ್ತ ಹೋಗ್ತಿಲ್ಲ, ಪಾದದಲ್ಲಿ ನಾಡಿ ಇಲ್ಲ, ಇಷ್ಟು ಗಂಟೆಗೆ ಶುರುವಾಯಿತು" ಅಂತ ಮೊದಲೇ ಹೇಳಿ. ರಕ್ತನಾಳದ ಶಸ್ತ್ರಚಿಕಿತ್ಸೆ ಮಾಡುವವರು ಎಲ್ಲಿದ್ದಾರೆ, ಶಿವಮೊಗ್ಗವೋ ಮಣಿಪಾಲವೋ, ಗಾಡಿ ಹೊರಡುವ ಮುಂಚೆ ವಿಚಾರಿಸಿ ನೇರ ಅಲ್ಲಿಗೇ ಹೋಗಿ. ದಾರಿಯುದ್ದಕ್ಕೂ ಆ ಕಾಲನ್ನು ಎತ್ತಿಡಬೇಡಿ, ಮೈಗಿಂತ ಸ್ವಲ್ಪ ತಗ್ಗಿನಲ್ಲೇ ಇರಲಿ.