ಬಿದಿರು ಸೀಳೋದು ಇಲ್ಲಿ ಶೋಕಿ, ನಮ್ಮಲ್ಲಿ ಜಾತಿ

ನ್ಯೂಜೆರ್ಸಿಗೆ ಬಂದ್ಮೇಲೆ ಹತ್ತಿದ ಹುಚ್ಚು ಇದು, ಹಳೇ ಬಿದಿರಿನ ಫಿಶಿಂಗ್ ರಾಡ್ ತಂದು ಸರಿಮಾಡೋದು. ಊರಲ್ಲಿ ಯಾರಿಗೆ ಹೇಳಿದ್ರೂ "ಮಾರಿದ್ರೆ ಎಷ್ಟ್ ಬರುತ್ತೆ?" ಅಂತಾರೆ, ಇಲ್ಲಿನೋರು "ಯಾವ ಕಂಪನಿದು, ತುದಿ ಎರಡೂ ಇದ್ಯಾ?" ಅಂತಾರೆ. ರಾಡ್ ಬಿಡಿ ತುಂಡುಗಳಲ್ಲಿ ಇರುತ್ತೆ, ಹಳೇದ್ರ ಜೊತೆ ಮೇಲಿನ ತುಂಡು, ಅಂದ್ರೆ ತುದಿ, ಎರಡು ಕೊಡೋರು, ಒಂದು ಮುರಿದ್ರೆ ಇರ್ಲಿ ಅಂತ, ಈಗ ಸಿಗೋದ್ರಲ್ಲಿ ಸಾಮಾನ್ಯವಾಗಿ ಒಂದು ತುದಿ ಮೂರ್ನಾಲ್ಕು ಇಂಚು ಗಿಡ್ಡ ಆಗಿರುತ್ತೆ.

ನಮ್ಮ ಮಲೆನಾಡಲ್ಲಿ ಗಾಳದ ಕೋಲು ಅಂದ್ರೆ ಮಳೆಗಾಲಕ್ಕೊಂದು ವಾಟೆ ಕಡಿದ್ಕೊಂಡ್ ಬರೋದು, ದಾರ ಕಟ್ಟೋದು, ಎರೆಹುಳ ಚುಚ್ಚೋದು, ಸೀಸನ್ ಮುಗಿದ್ಮೇಲೆ ಅದು ಒಲೆಗೋ ಬೇಲಿಗೋ. ಇಲ್ಲಿಯ ಫ್ಲೈ ರಾಡ್, ಅಂದ್ರೆ ಎರೆಹುಳದ ಬದ್ಲು ನಕಲಿ ನೊಣ ಕಟ್ಟಿ ಎಸೆಯೋ ಕೋಲು, ಹಂಗಲ್ಲ. ಗಟ್ಟಿ ಬಿದಿರನ್ನ ಸೀಳಿ, ಗಿಣ್ಣು ಒತ್ತಿ ಸಮ ಮಾಡಿ, ಒಂದೊಂದು ದಬ್ಬೆನೂ 60 ಡಿಗ್ರಿ ತ್ರಿಕೋನಕ್ಕೆ ಕೀಸಿ, ಆರನ್ನ ಸೇರಿಸಿ ಅಂಟಿಸ್ತಾರೆ, ಷಟ್ಕೋನದ ಒಂದೇ ಕೋಲಾಗುತ್ತೆ. ತುದಿಯತ್ತ ಹೋದಂಗೆ ಸೀಳಿನ ದಪ್ಪ ಒಂದು ಮಿಲಿಮೀಟರ್‌ಗಿಂತ ಕಮ್ಮಿ. ಕೀಸುಳಿ ಹಾಕೋದು ಒಳಗಿನ ಎರಡು ಮೈಗೆ ಮಾತ್ರ, ಹೊರಮೈ ಮುಟ್ಟಂಗಿಲ್ಲ, ಯಾಕಂದ್ರೆ ಬಿದಿರಿನ ಬಲ ಇರೋ ನಾರೆಲ್ಲ ಹೊರಗಡೆನೇ ಒತ್ತಾಗಿರೋದು.

ರಿಪೇರಿ ಕೆಲಸದಲ್ಲಿ ನಂಗೆ ತುಂಬಾ ಇಷ್ಟ ಅಂದ್ರೆ ದಾರ ಸುತ್ತೋದು, ಗಾಳದ ದಾರ ಹಾಯೋ ಬಳೆಗಳನ್ನ ಕೋಲಿಗೆ ಬಿಗಿಯೋದು ಇದ್ರಿಂದಾನೇ. ಹಳೇ ರೇಷ್ಮೆ ದಾರ ಪುಡಿಪುಡಿ ಆಗಿರುತ್ತೆ, ಬ್ಲೇಡಲ್ಲಿ ಬಿದಿರಿಗೆ ತಾಗದಂಗೆ ಬಿಡಿಸ್ಬೇಕು. ಹೊಸ ದಾರನ ಒಂದು ದಪ್ಪ ಪುಸ್ತಕದ ಹಾಳೆ ಮಧ್ಯೆ ಹಾಯಿಸಿದ್ರೆ ಬಿಗಿ ಒಂದೇ ಸಮ ಬರುತ್ತೆ, ಇನ್ನೊಂದು ಕಡೆ ರಾಡ್ ತಿರುಗಿಸ್ತಾ ಹೋಗೋದು, ಕೊನೇ ಏಳೆಂಟು ಸುತ್ತಿನ ಕೆಳಗೆ ಒಂದು ಕುಣಿಕೆ ಇಟ್ಟು ದಾರದ ತುದಿನ ಅದ್ರಲ್ಲಿ ತೂರಿಸಿ ಎಳೆದ್ರೆ ಗಂಟೇ ಇಲ್ದೆ ಒಳಗೆ ಸೇರ್ಕೊಳುತ್ತೆ, ಕ್ರಿಕೆಟ್ ಬ್ಯಾಟ್ ಹಿಡಿಗೆ ದಾರ ಸುತ್ತಿ ಮುಗಿಸ್ತಾರಲ್ಲ ಹಂಗೆ. ಅದರ ಮೇಲೆ ವಾರ್ನಿಷ್ ಬಿದ್ದಾಗ ರೇಷ್ಮೆ ಪಾರದರ್ಶಕ ಆಗಿ ಕೆಳಗಿನ ಬಿದಿರು ಕಾಣುತ್ತೆ. ಬಣ್ಣ ಹಂಗೇ ಉಳೀಬೇಕು ಅಂದ್ರೆ ಮೊದ್ಲೇ ಬೇರೆ ಲೇಪ ಕೊಡ್ಬೇಕು.

ಇಷ್ಟೊಂದು ಹಳೇ ರಾಡ್ ಅಟ್ಟದ ಮೇಲೆ ಉಳಿದಿರೋದಕ್ಕೂ ಕಾರಣ ಇದೆ. ಬಿದಿರು ಬರ್ತಿದ್ದದ್ದು ಚೀನಾದ ಗ್ವಾಂಗ್‌ಡಾಂಗ್‌ನಿಂದ, 1950ರಲ್ಲಿ ಕೊರಿಯಾ ಯುದ್ಧದ ಟೈಮಲ್ಲಿ ಅಮೆರಿಕ ಚೀನಾ ಜೊತೆ ವ್ಯಾಪಾರ ಬಂದ್ ಮಾಡ್ತು, ಅಷ್ಟೊತ್ತಿಗೆ ಫೈಬರ್‌ಗ್ಲಾಸ್ ಕೂಡ ಬಂದಿತ್ತು, ಬಿದಿರಿನದ್ದು ಮೂಲೆ ಸೇರ್ತು. ಅದಕ್ಕೂ ಮುಂಚಿನ ಕಥೆ ನಮಗೆ ಹತ್ತಿರದ್ದು. 19ನೇ ಶತಮಾನದಲ್ಲಿ ಮೇಯ್ನ್ ರಾಜ್ಯದ ಹೈರಮ್ ಲಿಯೊನಾರ್ಡ್‌ ಅಂಥ ದೊಡ್ಡ ಮೇಕರ್‌ಗಳು ಶುರುವಿಗೆ ಬಳಸಿದ್ದು ಕಲ್ಕತ್ತಾದಿಂದ ಹಡಗು ಹತ್ತಿದ ಬಿದಿರನ್ನ. ಇವತ್ತಿಗೂ ಇಲ್ಲಿ ಹಳಬರು ಅದನ್ನ ಕಲ್ಕತ್ತಾ ಕೇನ್ ಅಂತಾನೇ ಕರೀತಾರೆ.

ಈಗ ನನ್ನ ತಕರಾರಿಗೆ ಬರ್ತೀನಿ. ಬಿದಿರು ಸೀಳೋ ಕೈ ನಮ್ಮಲ್ಲಿ ಇಲ್ವಾ? ಮೇದರು ತಲೆತಲಾಂತರದಿಂದ ಅದನ್ನೇ ಮಾಡ್ಕೊಂಡ್ ಬಂದಿದಾರೆ, ಮೊರ ಬುಟ್ಟಿಗೆ ಹಾಳೆಯಷ್ಟು ತೆಳ್ಳಗೆ ಸೀಳ್ತಾರೆ, ಅಳತೆಪಟ್ಟಿ ಇಲ್ದೆ. ಹುಳ ಹತ್ತಬಾರ್ದು ಅಂತ ಅಮಾವಾಸ್ಯೆ ಹತ್ತಿರದಲ್ಲಿ ಬಿದಿರು ಕಡೀಬೇಕು ಅನ್ನೋದೂ ಊರಲ್ಲಿ ಕೇಳಿದ ಮಾತೇ. 12ನೇ ಶತಮಾನದ ಮೇದರ ಕೇತಯ್ಯನ್ನ ಶರಣ ಅಂತ ಕೈ ಮುಗೀತೀವಿ, ಆದ್ರೆ ಇಂಜಿನಿಯರಿಂಗ್ ಓದಿದ ಮಗ ಕತ್ತಿ ಹಿಡ್ಕೊಂಡು ಬಿದಿರು ಸೀಳ್ತಾ ಕೂತ್ರೆ "ಏನೋ ಮೇದರ ಕೆಲಸ ಹಿಡ್ದಿದೀಯಾ" ಅಂತ ಮನೆಯವರೇ ಅಂತಾರೆ, ನಂಗೆ ಅಂದಿದಾರೆ. ಇಲ್ಲಿ ಎವರೆಟ್ ಗ್ಯಾರಿಸನ್ ಅಂತ ಒಬ್ಬ ಇದ್ದ, ವೃತ್ತಿಯಲ್ಲಿ ಇಂಜಿನಿಯರ್, ರಾಡ್ ಎಲ್ಲೆಲ್ಲಿ ಎಷ್ಟು ಬಾಗ್ಬೇಕು ಅಂತ ಲೆಕ್ಕ ಹಾಕಿ ಕೋಲು ಕಟ್ಟಿದವನು. ಅವನು ತೀರ್ಕೊಂಡ ಮೇಲೆ 1977ರಲ್ಲಿ ಅವನ ವಿಧಾನ ಅಳತೆ ಸಮೇತ ಪುಸ್ತಕ ಆಯ್ತು, ಅದನ್ನ ಓದಿ ಮನೆ ಬೇಸ್‌ಮೆಂಟಲ್ಲಿ ರಾಡ್ ಕಟ್ಟಿದ ಡಾಕ್ಟ್ರು ಮೇಷ್ಟ್ರು ಎಷ್ಟೋ ಜನ. ನಮ್ಮ ಮೇದರ ಅಜ್ಜನ ಕೈಯಳತೆ ಬರೆದಿಟ್ಟೋರು ಯಾರಿದಾರೆ?

ಹಂಗಂತ ಇಲ್ಲಿಯದೆಲ್ಲ ಚಿನ್ನ ಅಂತಲ್ಲ. ಇಲ್ಲಿ ಗೌರವ ಸಿಗೋದು ಆ ಕೆಲಸದಿಂದ ಅವರ ಹೊಟ್ಟೆ ತುಂಬಬೇಕಾಗಿಲ್ಲ ಅನ್ನೋ ಕಾರಣಕ್ಕೂ ಹೌದು, ಪೆನ್ಷನ್ ಬರ್ತಿರೋನು ಬಿದಿರು ಕೀಸಿದ್ರೆ ಕಲೆ, ಬುಟ್ಟಿ ಮಾರಿ ಅಕ್ಕಿ ತರೋನು ಕೀಸಿದ್ರೆ ಕೂಲಿ. ಇನ್ನು ಕೆಲವು ಕಲೆಕ್ಟರ್‌ಗಳಂತೂ ಕೋಲನ್ನ ಗಾಜಿನ ಕಪಾಟಲ್ಲಿ ಇಟ್ಟು ಒರಿಜಿನಲ್ ದಾರ ಮುಟ್ಟಬೇಡಿ ಅಂತಾರೆ. ನನಗದು ಒಗ್ಗಲ್ಲ, ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟದ ಕಡೆ ಬೀವರ್‌ಕಿಲ್ ಹೊಳೆಗೆ ತಗೊಂಡು ಹೋಗಿ ಟ್ರೌಟ್ ಹಿಡೀದೇ ಇದ್ರೆ ರಿಪೇರಿ ಮಾಡಿ ಏನ್ ಸುಖ? ಮುರಿದ್ರೆ ಮತ್ತೆ ಕಟ್ಟಿದ್ರಾಯ್ತು.

ಮುಂದಿನ ಸಲ ಊರಿಗೆ ಬಂದಾಗ ನಮ್ಮ ಗಂಡು ಬಿದಿರಲ್ಲೇ ಒಂದು ಕಟ್ಟಿ ನೋಡೋಣ ಅಂತಿದೆ. ಲಾಠಿಗೆ ಬಳಸ್ತಾರಲ್ಲ ಅದೇ, ಒಳಗೆ ಟೊಳ್ಳು ಕಮ್ಮಿ, ಗಿಣ್ಣು ಮಾತ್ರ ಹತ್ತಿರ ಹತ್ತಿರ ಇರೋದ್ರಿಂದ ಕೈ ನೋಯೋದು ಗ್ಯಾರಂಟಿ. ಸೀಳೋದನ್ನ ಮೇದರ ಹತ್ರಾನೇ ಕೂತು ಕಲೀಬೇಕು, ಅವರ ದಿನದ ಕೂಲಿ ಕೊಟ್ಟು. ಸಾಗರ, ಹೊಸನಗರ ಕಡೆ ವರ್ಷ ಒಣಗಿಸಿದ ನೇರ ಗಳ ಯಾರ ಹತ್ರ ಸಿಗುತ್ತೆ ಗೊತ್ತಿದ್ರೆ ಹೇಳಿ, ಹಸಿದು ಬೇಡ.