ಮೂರನೇ ಡೋಸ್ ಯಾರೂ ಕೇಳಲಿಲ್ಲ

ನರ್ಸಿಂಗ್ ಓದುವ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ರಕ್ತದಿಂದ ಹರಡಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆಯ ಪಾಠವನ್ನು ಎಷ್ಟು ಬ್ಯಾಚುಗಳಿಗೆ ಮಾಡಿದ್ದೇನೋ ಲೆಕ್ಕವಿಲ್ಲ. ಮೊದಲ ಡೋಸ್, ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಅಂತ ಬೋರ್ಡ್ ಮೇಲೆ ಬರೆಯುತ್ತೇನೆ. ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ನಿಮ್ಮದು ಎಷ್ಟಾಯಿತು ಅಂತ ಮಾತ್ರ ನಾನು ಒಮ್ಮೆಯೂ ಕೇಳಿರಲಿಲ್ಲ.

ಒಂದು ದಿನ ವಾರ್ಡ್ ಪೋಸ್ಟಿಂಗ್‌ನಲ್ಲಿದ್ದ ಹುಡುಗಿಯೊಬ್ಬಳು ಬೆರಳು ಹಿಡಿದುಕೊಂಡು ಓಡಿ ಬಂದಳು. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಚುಚ್ಚಿಕೊಂಡಿದ್ದಳು. ನಲ್ಲಿ ಕೆಳಗೆ ಸೋಪು ಹಾಕಿ ಕೈ ತೊಳೆಸುತ್ತಾ, "ಲಸಿಕೆ ಪೂರ್ತಿ ಆಗಿದೆ ಅಲ್ವೇನಮ್ಮ?" ಅಂದೆ.

"ಎರಡಾಗಿದೆ ಮೇಡಂ. ಮೂರನೆಯದರ ಹೊತ್ತಿಗೆ ಪರೀಕ್ಷೆ ಇತ್ತು. ಆಮೇಲೆ ಯಾರೂ ಕೇಳಲಿಲ್ಲ."

ಆ "ಯಾರೂ"ದಲ್ಲಿ ನಾನೂ ಇದ್ದೆ.

ರೋಗಿಯ ರಕ್ತದ ರಿಪೋರ್ಟ್ ನೆಗೆಟಿವ್ ಬಂತು. ಆದರೆ ಅದು ಬರುವವರೆಗೆ ಅವಳು ಕೇಳಿದ್ದೆಲ್ಲ ಎಚ್‌ಐವಿ ಬಗ್ಗೆಯೇ. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವುದು ಸಾವಿರದಲ್ಲಿ ಸುಮಾರು 3 ಮಂದಿಗೆ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವುದು ನೂರರಲ್ಲಿ 6ರಿಂದ 30 ಮಂದಿಗೆ. ಒಣಗಿದ ರಕ್ತದಲ್ಲೂ ಈ ವೈರಸ್ 7 ದಿನ ಬದುಕಿರಬಲ್ಲದು. ಇದಕ್ಕೆ ಒಳ್ಳೆಯ ಲಸಿಕೆ 1980ರ ದಶಕದಿಂದಲೂ ಇದೆ. ಲಸಿಕೆ ಇರುವ ರೋಗಕ್ಕೆ ಹೆದರುವುದನ್ನೇ ನಾವು ಮರೆತಿದ್ದೇವೆ, ಲಸಿಕೆ ಹಾಕಿಸಿಕೊಳ್ಳುವುದನ್ನೂ.

ಮರುದಿನ ಸ್ಟಾಫ್ ರೂಮಿನಲ್ಲಿ ಇದೇ ಪ್ರಶ್ನೆ ಎತ್ತಿದೆ. ಒಬ್ಬರಿಗೆ ನೆನಪಿಲ್ಲ, ಇನ್ನೊಬ್ಬರ ಕಾರ್ಡ್ ಕಳೆದಿದೆ. ನನ್ನವು ಮೂರೂ ಆಗಿದ್ದವು, ಆದರೆ ಮೂರನೆಯದಾದ ಒಂದೆರಡು ತಿಂಗಳಿಗೆ ಮಾಡಿಸಬೇಕಾದ ಟೈಟರ್ ಪರೀಕ್ಷೆ, ಅಂದರೆ ಲಸಿಕೆಯಿಂದ ರಕ್ತದಲ್ಲಿ ಪ್ರತಿಕಾಯ ಎಷ್ಟು ಬಂದಿದೆ ಅಂತ ನೋಡುವ ಪರೀಕ್ಷೆ, ಮಾಡಿಸಿರಲಿಲ್ಲ. ಅದು 10 ಯೂನಿಟ್ (mIU/mL) ಅಥವಾ ಹೆಚ್ಚು ಬಂದರೆ ರಕ್ಷಣೆ ಇದೆ ಅಂತ ಲೆಕ್ಕ. ಕೆಲವರಲ್ಲಿ ಬರುವುದೇ ಇಲ್ಲ. ಇದನ್ನೂ ವರ್ಷಗಟ್ಟಲೆ ಪಾಠ ಮಾಡಿದವಳು ನಾನು.

ನಮ್ಮವರು ಲಸಿಕೆಯ ವಿರೋಧಿಗಳು ಅಂತ ನನಗೆ ಅನ್ನಿಸುವುದಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆ ಹಿಂಜರಿಕೆಯನ್ನು ಹತ್ತು ದೊಡ್ಡ ಅಪಾಯಗಳ ಸಾಲಿಗೆ ಸೇರಿಸಿತು. ನಾನು ಕಂಡಿರುವ ಹಿಂಜರಿಕೆಯಲ್ಲಿ ಅಪನಂಬಿಕೆಗಿಂತ "ದಿನಾ ರೋಗಿಗಳ ನಡುವೆ ಇರ್ತೀವಿ, ನಮಗೇನಾಗುತ್ತೆ" ಅನ್ನುವ ಉದಾಸೀನವೇ ಹೆಚ್ಚು. ಫ್ಲೂ ಲಸಿಕೆಯ ವಿಷಯಕ್ಕೆ ಬಂದರೆ ಮಾತ್ರ ಬೇರೆ. "ಅದು ಹಾಕಿಸಿದರೆ ಫ್ಲೂನೇ ಬರುತ್ತೆ" ಅಂತ ಮೇಷ್ಟ್ರುಗಳೇ ತರಗತಿಯಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಚುಚ್ಚಿ ಕೊಡುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರಲಾರದು. ಒಂದೆರಡು ದಿನ ಮೈಕೈ ನೋಯಬಹುದು, ಅಷ್ಟೇ. ಆದರೆ ಮೇಷ್ಟ್ರ ಬಾಯಲ್ಲಿ ಬಂದ ಮಾತು ಇಡೀ ತರಗತಿಯ ಜೊತೆ ವಾರ್ಡುಗಳಿಗೆ ಹೋಗುತ್ತದೆ. ಅಲ್ಲಿ ವಯಸ್ಸಾದವರು, ಹಸುಗೂಸುಗಳು ಇರುತ್ತಾರೆ. ಫ್ಲೂ ಬಂದವರು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಹರಡಬಲ್ಲರು.

"ಸ್ವಂತ ಖರ್ಚಲ್ಲಿ ಹಾಕಿಸಿಕೊಂಡು ಸರ್ಟಿಫಿಕೇಟ್ ತನ್ನಿ" ಅಂತ ಮಕ್ಕಳಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಸೂಜಿಯ ಮುಂದೆ ನಿಲ್ಲಿಸುವವರೇ ಲಸಿಕೆಯನ್ನೂ ಕೊಡಬೇಕು, ಉಚಿತವಾಗಿ, ಮೊದಲ ಪೋಸ್ಟಿಂಗ್‌ಗೆ ಮುಂಚೆ, ತರಗತಿಯ ಹೊತ್ತಿನಲ್ಲೇ. ಅಡ್ಡಪರಿಣಾಮಗಳ ಬಗ್ಗೆ ಕೇಳಿದ ಮಗುವನ್ನು ಗದರಬಾರದು. ಕೂತು ಉತ್ತರ ಹೇಳಬೇಕು.

ಈಗ ನನ್ನ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಮೂರು ಡೋಸ್‌ಗಳ ತಾರೀಕು ಮತ್ತು ಟೈಟರ್‌ಗೆ ಅಂತ ಗೆರೆ ಎಳೆದಿದ್ದೇನೆ. ಮೊದಲ ಸಾಲು ನನ್ನದು. ಆ ಹುಡುಗಿಗೆ ಅವತ್ತೇ ಮೂರನೆಯದು ಹಾಕಿಸಿದೆವು. ತಡವಾಗಿದ್ದರೂ ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ, ಬಾಕಿ ಇರುವುದನ್ನು ಹಾಕಿಸಿಕೊಂಡರೆ ಸಾಕು.